ಜಪಾನಿನ ಹೊಗೆ ಮತ್ತು ನನ್ನ ಮೂಗು

ಪ್ರತಿಯೊಬ್ಬರಿಗೂ ಜಂಬ ಕೊಚ್ಚಿಕೊಳ್ಳಲು ಏನಾದರೊಂದು ಇರಬೇಕು. ಇಲ್ಲದಿದ್ದರೆ ಲಗ್ನದ ಮನೆಗಳಲ್ಲಿ ಹೊತ್ತು ಹೋಗುವುದಿಲ್ಲ. ಒಬ್ಬಳು ಕೈಯ ಬಂಗಾರದ ಪಾಟಲಿ ತಿರುಗಿಸುತ್ತ ಕೂಡುತ್ತಾಳೆ, ಇನ್ನೊಬ್ಬಳು ಮಗನ ನೌಕರಿಯ ಮಾತು ತೆಗೆಯುತ್ತಾಳೆ, ಮೂರನೆಯವಳು ಏನೂ ಇಲ್ಲದಿದ್ದರೆ ತನ್ನ ಸಕ್ಕರೆ ಕಾಯಿಲೆ ಎಷ್ಟು ಮೇಲೆ ಏರಿತ್ತೆಂದು ಹೇಳಿ ಇಬ್ಬರನ್ನೂ ಸೋಲಿಸುತ್ತಾಳೆ. ನನ್ನ ಹತ್ತಿರ ಪಾಟಲಿ ಇವೆ, ಆದರೆ ಸಣ್ಣವು. ಮಗ ಇದ್ದಾನೆ, ಆದರೆ ಜಂಬ ಪಡುವಂಥದ್ದನ್ನು ಅವನು ಇನ್ನೂ ಮಾಡಿಲ್ಲ. ಸಾಲಿ ಕಲಿತ ಮಾತಂತೂ ಬೇಡ, ನಾಲ್ಕನೆಯ ಇಯತ್ತೆಗೆ ನನಗೂ ಅದಕ್ಕೂ ಹರಿಯಿತು. ನನಗೆ ಇರುವುದು ಮೂಗು. ನೋಡಲು ಅದು ಚೆಂದವಿಲ್ಲ. ನನ್ನನ್ನು ನೋಡಲು ಬಂದ ಗಂಡಿನ ಕಡೆಯ ಹೆಂಗಸೊಬ್ಬಳು, "ಹುಡಿಗಿ ಚೊಲೊ ಅದಾಳ, ಮೂಗ ಒಂದೀಟ ಮುಂದ ಬಂದೈತಿ" ಎಂದಿದ್ದಳಂತೆ. ಬರಲಿ. ಮುಂದೆ ಬಂದದ್ದಕ್ಕೇ ಅದು ನನಗಿಂತ ಮೊದಲು ಎಲ್ಲ ಕಡೆ ಹೋಗಿ ಮುಟ್ಟುತ್ತಿತ್ತು.

ಬೈಲಹೊಂಗಲದ ನಮ್ಮ ಓಣಿಯಲ್ಲಿ ಯಾರ ಮನೆಯಲ್ಲಿ ಶೇಂಗಾ ಹುರಿಯುತ್ತಿದ್ದಾರೆ, ಯಾರ ಮನೆಯ ಹಾಲು ಇನ್ನೇನು ಒಡೆಯಲಿದೆ, ಯಾರು ಹಳೆಯ ಎಣ್ಣೆಯಲ್ಲೇ ಮತ್ತೆ ಮಿರ್ಚಿ ಕರಿಯುತ್ತಿದ್ದಾರೆ ಎಂಬುದು ನನಗೆ ಕಟ್ಟೆಯ ಮೇಲೆ ಕೂತಲ್ಲೇ ತಿಳಿಯುತ್ತಿತ್ತು. ತಿಳಿದ ಮೇಲೆ ಸುಮ್ಮನಿರುವ ಸ್ವಭಾವ ನನ್ನದಲ್ಲ, ಹೋಗಿ ಹೇಳುತ್ತಿದ್ದೆ. ನಮ್ಮ ಯಜಮಾನರು ತೀರಿಹೋಗಿ ಬಹಳ ವರ್ಷಗಳಾದವು. ಬದುಕಿದ್ದಾಗ ಅವರು ಒಂದೇ ಒಂದು ಸಲ, ಯಾರದೋ ಲಗ್ನದ ನೆಪದಲ್ಲಿ, ಕುಡಿದು ಬಂದರು. ಅವರಿನ್ನೂ ಓಣಿಯ ಆ ತುದಿಯಲ್ಲಿ ಇದ್ದಾಗಲೇ ನಾನು ಬಾಗಿಲಿಗೆ ಅಗಳಿ ಹಾಕಿದೆ. "ಕೊಟಗ್ಯಾಗ ಮಕ್ಕೋರಿ. ಎಮ್ಮಿ ಒಲ್ಲೆ ಅಂದ್ರ ಹೊರಗ ಮಕ್ಕೋರಿ" ಎಂದು ಒಳಗಿನಿಂದಲೇ ಹೇಳಿದೆ. ಎಮ್ಮೆ ಒಲ್ಲೆ ಎನ್ನಲಿಲ್ಲ, ಆದರೆ ಯಜಮಾನರು ಮತ್ತೆಂದೂ ಕುಡಿಯಲಿಲ್ಲ. ಮುಂದೆ ಓಣಿಯ ಹೆಂಗಸರೆಲ್ಲ ಸೇರಿ ಮೂಲೆಯ ಸೆರೆ ಅಂಗಡಿ ತೆಗೆಸಬೇಕೆಂದು ಅದರ ಮುಂದೆ ಕೂತಾಗ ಎಲ್ಲರಿಗಿಂತ ಮುಂದೆ ಚಾಪೆ ಹಾಸಿದವಳು ನಾನೇ. ಅಂಗಡಿ ಎದ್ದುಹೋಯಿತು. ಎದ್ದು ಮುಂದಿನ ಓಣಿಯಲ್ಲಿ ಕೂತಿತು, ಆ ಮಾತು ಬೇರೆ. ಇದನ್ನೆಲ್ಲ ಯಾಕೆ ಹೇಳಿದೆನೆಂದರೆ, ಮುಂದೆ ನಾನು ಹೇಳಲಿರುವುದನ್ನು ಓದಿ ಯಾರೂ ನನ್ನನ್ನು ಹಗುರಾಗಿ ತಿಳಿಯಬಾರದು.

ಓಣಿಯ ಎಣ್ಣೆ ಹಾಲು ಹಿಡಿಯುವುದು ಮೂಗಿಗೆ ಪುರಸೊತ್ತಿನ ಕೆಲಸ. ಅದರ ಖರೆ ಕೆಲಸ ಹಬ್ಬದ ದಿನ. ನಮ್ಮ ಮನೆಯಲ್ಲಿ ಹಬ್ಬದ ಅಡಿಗೆಯನ್ನು ದೇವರಿಗೆ ನೈವೇದ್ಯ ಹಿಡಿಯುವ ಮೊದಲು ಯಾರೂ ಬಾಯಿಗೆ ಹಾಕುವಂತಿಲ್ಲ. ಬೆರಳು ಸಹ ನೆಕ್ಕುವಂತಿಲ್ಲ. ಹೋಳಿಗೆಯ ಹೂರಣ ಬಣ್ಣದಲ್ಲೇ ತಿಳಿಯುತ್ತದೆ, ಅದಕ್ಕೆ ಚಿಂತೆ ಇಲ್ಲ. ಕಟ್ಟಿನ ಸಾರಿನದೇ ತ್ರಾಸು. ಕಡಲೆಬೇಳೆ ಬೇಯಿಸಿದ ನೀರಿಗೆ ಹುಣಸೆಹಣ್ಣು, ಬೆಲ್ಲ, ಮಸಾಲೆ ಖಾರ ಎಲ್ಲ ಬಿದ್ದ ಮೇಲೆ ಉಪ್ಪು ಹೆಚ್ಚಾಯಿತೋ ಕಡಿಮೆಯಾಯಿತೋ ಕಣ್ಣಿಗೆ ಕಾಣುವುದಿಲ್ಲ. ಅದನ್ನು ಮೂಗಿನಿಂದ ಹೇಳಬೇಕು. ಮೊದಲು ನಮ್ಮ ಅತ್ತೆ ಹೇಳುತ್ತಿದ್ದರು, ಅವರು ಹೋದ ಮೇಲೆ ನಾನು. ಸೆರಗಿನಿಂದ ಮುಚ್ಚಳ ಎತ್ತಿ, ಕಣ್ಣು ಮುಚ್ಚಿ, ಉಗಿಯನ್ನು ಒಮ್ಮೆ ಒಳಗೆ ಎಳೆದುಕೊಂಡು, "ಇನ್ನೊಂದು ಚಿಟಿಕಿ" ಎನ್ನುತ್ತೇನೆ, ಇಲ್ಲವೇ "ಸಾಕು" ಎನ್ನುತ್ತೇನೆ. ಸೊಸೆ ಸುವರ್ಣಾ ಉಪ್ಪಿನ ಭರಣಿ ಹಿಡಿದು ಪಕ್ಕದಲ್ಲಿ ನಿಂತಿರುತ್ತಾಳೆ. ಅವಳು ಈ ಮನೆಗೆ ಬಂದಾಗಿನಿಂದ ಒಂದು ಹಬ್ಬದಲ್ಲೂ ಸಾರು ತಪ್ಪಿಲ್ಲ. ಉಪ್ಪಿಗೆ ವಾಸನೆಯೇ ಇರುವುದಿಲ್ಲ ಎಂದು ಕಾಲೇಜು ಕಲಿತ ಮಗ ವಾದ ಮಾಡುತ್ತಾನೆ. ಹಾಗಾದರೆ ಇಷ್ಟು ವರ್ಷ ಸಾರು ಹೇಗೆ ಸರಿಯಾಯಿತು ಹೇಳಪ್ಪ ಎಂದರೆ ತಲೆ ಕೆರೆದುಕೊಳ್ಳುತ್ತಾನೆ.

ಇಂಥ ಮೂಗು ಹೋದ ಮಳೆಗಾಲದಲ್ಲಿ ಹೋಯಿತು. ಜ್ವರ ಬಂತು, ನೆಗಡಿ ಬಂತು, ಎರಡೂ ಹೋದವು, ಹೋಗುವಾಗ ವಾಸನೆಯನ್ನೂ ಕರೆದುಕೊಂಡು ಹೋದವು. ಹೋದದ್ದು ನನಗೆ ಗೊತ್ತೂ ಆಗಲಿಲ್ಲ. ಒಂದು ದಿನ ಒಲೆಯ ಪಕ್ಕದಲ್ಲೇ ಕೂತು ಮೆಂತೆಸೊಪ್ಪು ಬಿಡಿಸುತ್ತಿದ್ದೆ. ಹಿಂದಿನ ಮನೆಯ ನಿಂಗವ್ವ ಹಿತ್ತಲ ಬಾಗಿಲಿನಿಂದ ಓಡಿಬಂದು, "ಯಕ್ಕಾ, ಹಾಲ ಸೀದು ಓಣಿ ತುಂಬ ನಾರಾಕತ್ತೈತಿ, ನೀ ಏನ ಧ್ಯಾನಕ್ಕ ಕುಂತಿ ಏನ?" ಎಂದು ಒಲೆ ಆರಿಸಿದಳು. ತಿರುಗಿ ನೋಡಿದರೆ ಪಾತೇಲಿ ಕರ್ರಗಾಗಿತ್ತು. ನಿಂಗವ್ವನಿಗೆ ತನ್ನ ಮನೆಯ ಹಾಲು ಒಡೆದದ್ದೂ ತಿಳಿಯುವುದಿಲ್ಲ, ಅಂಥವಳು ಬಂದು ನನಗೆ ಹೇಳುವ ಹೊತ್ತು ಬಂತು. ಆ ದಿನ ನನಗೆ ಆದದ್ದು ದುಃಖವಲ್ಲ, ಸಿಟ್ಟು.

ಇಂಗು ಮೂಸಿದೆ, ಅಜವಾನ ಮೂಸಿದೆ, ಉಳ್ಳಾಗಡ್ಡಿ ಜಜ್ಜಿ ಮೂಸಿದೆ. ಕಣ್ಣಲ್ಲಿ ನೀರು ಬಂತೇ ಹೊರತು ಮೂಗಿಗೆ ಸುದ್ದಿ ಮುಟ್ಟಲಿಲ್ಲ. ದವಾಖಾನೆಯಲ್ಲಿ ಡಾಕ್ಟರ ಹುಡುಗಿ ಬ್ಯಾಟರಿ ಹಾಕಿ ನೋಡಿ, "ಅಜ್ಜಿ, ಮೂಗ ಚೊಲೊನ ಐತ್ರಿ, ವಾಸನಿ ಮರತೈತಿ ಅಷ್ಟ. ದಿನಾ ಮುಂಜಾನಿ ಸಂಜಿಗೆ ಘಾಟಿನ ಪದಾರ್ಥ ಮೂಸ್ರಿ. ಸಾವಕಾಶ ನೆನಪ ಬರತೈತಿ" ಎಂದಳು. ಅಂದರೆ ನನ್ನ ಮೂಗನ್ನು ಮತ್ತೆ ಒಂದನೆಯ ಇಯತ್ತೆಗೆ ಹಾಕಿದಳು. ಲವಂಗ, ನಿಂಬೆಸಿಪ್ಪೆ, ಕರ್ಪೂರ ಮುಂದಿಟ್ಟುಕೊಂಡು ದಿನಾಲೂ ಕೂತೆ. ಮೂಗು ನನ್ನಂತೆಯೇ, ಸಾಲಿಯಲ್ಲಿ ಏನೂ ಕಲಿಯಲಿಲ್ಲ.

ದಸರೆ ಬಂತು. ನಾನು ಒಲೆಯ ಹತ್ತಿರ ಹೋಗಲಿಲ್ಲ. ಗೊತ್ತಿಲ್ಲದೆ ಗೊತ್ತಿದ್ದಂತೆ ಮಾಡುವುದು ನನ್ನಿಂದಾಗದು. "ನೀನ ನೋಡವಾ" ಎಂದು ಸುವರ್ಣಾಳಿಗೆ ಹೇಳಿ ಪಡಸಾಲೆಯಲ್ಲಿ ಕೂತು ಹೂ ಕಟ್ಟಿದೆ. ಊಟಕ್ಕೆ ಕೂತಾಗ ಸಾರು ಸರಿಯಾಗಿತ್ತು. ಅದೇ ನನಗೆ ತ್ರಾಸಾದದ್ದು. ಕೆಟ್ಟಿದ್ದರೆ ನಾಲ್ಕು ಜನ ನನ್ನ ಮೂಗನ್ನು ನೆನೆಯುತ್ತಿದ್ದರು. ದೀಪಾವಳಿಯಲ್ಲೂ ಸರಿಯಾಯಿತು. ನನ್ನ ಕೈಕೆಳಗೆ ತಯಾರಾದವಳು, ಆಗದೆ ಏನು ಎಂದು ಎಲ್ಲರೆದುರು ಹೆಮ್ಮೆಯಿಂದಲೇ ಹೇಳಿದೆ. ಆದರೆ ಒಳಗೆ ಬೇರೆ ಮಾತು ನಡೆದಿತ್ತು. ಮಂದಿ ಮನೆಯಲ್ಲಿ ಮುದುಕಿಯನ್ನು ಇಟ್ಟುಕೊಳ್ಳುವುದು ಪ್ರೀತಿಗೆ ಎನ್ನುತ್ತಾರೆ. ಇರಬಹುದು. ಆದರೆ ಒಂದು ಕೆಲಸ ಕೈಯಲ್ಲಿದ್ದರೆ ಮುದುಕಿಗೂ ಮನೆಯವರಿಗೂ ಸಲೀಸು. ನನ್ನ ಕೆಲಸ ಆ ಉಗಿಯಲ್ಲಿತ್ತು. ಅದು ತಿರುಗಿ ಬಾರದಿದ್ದರೆ ಹೂ ಕಟ್ಟುತ್ತ ಕೂಡುವುದೇ ಕಾಯಂ ಆಗುತ್ತದಲ್ಲ ಎಂದು ನನಗೆ ಹೆದರಿಕೆ ಹತ್ತಿತು.

ಆಗ ಕಿತ್ತೂರಿನಲ್ಲಿರುವ ಮಗಳು ಮಹಾದೇವಿ, "ಯವ್ವಾ, ನಾಕ ದಿನ ಬಂದು ಇದ್ದು ಹೋಗು, ಹವಾ ಬದಲ ಆಗತೈತಿ" ಎಂದು ಕರೆದಳು. ಬೈಲಹೊಂಗಲದಿಂದ ಕಿತ್ತೂರಿಗೆ ಹವೆ ಅದೆಷ್ಟು ಬದಲಾಗುತ್ತದೋ, ಹೋದೆ. ಅಳಿಯ ಚಂದ್ರಶೇಖರ ಅಲ್ಲಿ ಹೈವೇ ಪಕ್ಕಕ್ಕೆ ಹೊಲದ ಪೈಪು, ಮೋಟಾರಿನ ಅಂಗಡಿ ಇಟ್ಟಿದ್ದಾನೆ. ಒಳ್ಳೆಯವನು. ಹಣೆಗೆ ವಿಭೂತಿ ಇಲ್ಲದೆ ಅಂಗಡಿಯ ಶಟರ್ ಎತ್ತುವುದಿಲ್ಲ. ನನ್ನೆದುರು ಕುರ್ಚಿಯ ಮೇಲೆ ಕಾಲು ಮೇಲೆ ಕಾಲು ಹಾಕಿ ಕೂತದ್ದನ್ನೂ ನಾನು ನೋಡಿಲ್ಲ.

ಒಂದು ಆದಿತ್ಯವಾರ ಮಧ್ಯಾಹ್ನ ಉಂಡು, ಹಿತ್ತಲ ಕಡೆಯ ಖೋಲಿಯಲ್ಲಿ ಕಿಟಕಿಯ ಕೆಳಗೆ ಅಡ್ಡಾಗಿದ್ದೆ. ಕಿಟಕಿಯ ಆಚೆಗೆ ತಗಡಿನ ನೆರಳು, ಅಲ್ಲಿ ಅಳಿಯನೂ ಅವನ ಇಬ್ಬರು ಗೆಳೆಯರೂ ಕೂತು ಪಿಸುಪಿಸು ಮಾತಾಡುತ್ತಿದ್ದರು. ಒಬ್ಬರು ರಾಮದುರ್ಗದ ನಿವೃತ್ತ ಮಾಸ್ತರು, ಇನ್ನೊಬ್ಬರು ಯರಗಟ್ಟಿಯಲ್ಲಿ ಅಡತಿ ಅಂಗಡಿ ಇಟ್ಟಿರುವ ಸಾಹುಕಾರರು, ರೈತರ ಹತ್ತಿ, ಗೋವಿನಜೋಳ ಮಾರಿಸಿಕೊಡುವವರು. ಗಂಡಸರ ಪಿಸುಮಾತಿಗೆ ನಾನು ಕಿವಿಗೊಡುವವಳಲ್ಲ. ಅವು ಬಹಳಷ್ಟು ಸಲ ಕೇಳುವಂತೆ ಇರುವುದಿಲ್ಲ. ಕಣ್ಣು ಹತ್ತುತ್ತಿತ್ತು. ಅಷ್ಟರಲ್ಲಿ ಕಿಟಕಿಯ ಹತ್ತಿರವೇ ಏನೋ ಚೆಲ್ಲಿದ ಸಪ್ಪಳ, "ಅಯ್ಯ ಮಾಸ್ತರ್ರ, ಬಂಗಾರದಂಥಾದ್ದು ಚೆಲ್ಲಿದ್ರೆಲ್ಲ!" ಎಂದು ಯಾರೋ ಅಂದದ್ದು. ಅದರ ಹಿಂದೆಯೇ ಬಂತು ನೋಡಿ, ಹೊಗೆ.

ಹೊಗೆ ಎಂದರೆ ಎಂಥ ಹೊಗೆ! ಸಗಣಿಯ ಒದ್ದೆ ಕುಳ್ಳು ಒಲೆಗೆ ಹಾಕಿ ಊದಿದಾಗ ಮೊದಲು ಬರುವ, ಗಂಟಲಿಗೆ ಕೂಡುವ ಹೊಗೆ. ನಾನು ಎದ್ದು ಕೂತೆ. "ಮಹಾದೇವೀ! ಏನೋ ಸುಡಾಕತ್ತೈತಿ ನೋಡ!" ಎಂದು ಕೂಗಿದೆ. ಅವಳು ಕೈಯಲ್ಲಿ ಲಟ್ಟಣಿಗೆ ಹಿಡಿದುಕೊಂಡೇ ಬಂದು, "ಏನೂ ಸುಡಾಕತ್ತಿಲ್ಲ ಸುಮ್ನ ಮಕ್ಕೋ" ಎಂದವಳು ಅಲ್ಲೇ ನಿಂತಳು. "ಯವ್ವಾ, ನಿನಗ ವಾಸನಿ ಬಂತ?"

ಬಂದಿತ್ತು. ತಿಂಗಳುಗಟ್ಟಲೆ ಸತ್ತಂತೆ ಬಿದ್ದಿದ್ದ ಮೂಗು ಎದ್ದು ಕೂತಿತ್ತು. ನಾನು ಚಪ್ಪಲಿ ಸಹ ಹಾಕಿಕೊಳ್ಳಲಿಲ್ಲ, ಹಿತ್ತಲ ಬಾಗಿಲು ತೆಗೆದು ಹೊರಗೆ ನಡೆದೆ. "ಯವ್ವಾ, ಬ್ಯಾಡ, ಅಲ್ಲಿ ಹೋಗಬ್ಯಾಡ" ಎಂದು ಮಹಾದೇವಿ ಹಿಂದಿನಿಂದ ಸೆರಗು ಜಗ್ಗಿದಳು. ಅಂದ ಮೇಲೆ ಅವಳಿಗೆ ಎಲ್ಲ ಗೊತ್ತಿತ್ತು. ಅಲ್ಲಿ ಚಕ್ಕುಲಿ, ಹುರಿದ ಶೇಂಗಾದ ತಾಟು ತಾನೇ ನಡೆದುಕೊಂಡು ಹೋಗಿರಲಿಲ್ಲವಷ್ಟೆ.

ನನ್ನನ್ನು ಕಂಡು ಮೂವರೂ ಸಾಲಿಗೆ ಇನ್‌ಸ್ಪೆಕ್ಟರ್ ಬಂದಂತೆ ಎದ್ದು ನಿಂತರು. ಅಳಿಯ ಗ್ಲಾಸನ್ನು ಬೆನ್ನ ಹಿಂದೆ ಹಿಡಿದ. ಸಾಹುಕಾರರು ಬಾಟಲಿಯ ಮೇಲೆ ಟವೆಲು ಹೊದಿಸಿದರು. ಮಾಸ್ತರರ ಧೋತರ ತೊಡೆಯ ಮೇಲೆ ಒದ್ದೆಯಾಗಿತ್ತು, ಅದನ್ನು ಮುಚ್ಚಲು ಅವರಿಗೆ ಏನೂ ಸಿಗಲಿಲ್ಲ.

"ಏನ ಸುಡಾಕತ್ತೀರಿ ಅಳ್ಯಾರ?" ಎಂದೆ.

"ಏನಿಲ್ಲರಿ ಅತ್ತಿಯಾರ. ಅದ... ಕಷಾಯರಿ."

"ಆಯುರ್ವೇದಿಕ್ ಐತ್ರಿ ಅವ್ವಾರ" ಎಂದರು ಮಾಸ್ತರು. ಮಕ್ಕಳಿಗೆ ಸುಳ್ಳು ಹೇಳಬಾರದೆಂದು ಜೀವನವೆಲ್ಲ ಕಲಿಸಿದವರು.

"ಯಾ ರೋಗಕ್ಕ?"

ಅಳಿಯ ಮಾಸ್ತರರನ್ನು ನೋಡಿದ, ಮಾಸ್ತರರು ಸಾಹುಕಾರರನ್ನು ನೋಡಿದರು. ವ್ಯಾಪಾರದ ಮನುಷ್ಯ, ಅವರೇ ಧೈರ್ಯ ಮಾಡಿದರು. "ಎಲ್ಲಾ ರೋಗಕ್ಕೂ ನಡೀತೈತ್ರಿ."

"ಹಂಗಾರ ನನಗೂ ಹಾಕ್ರಿ. ನನಗೂ ರೋಗ ಐತಿ" ಎಂದು ನಾನು ಖಾಲಿ ಕುರ್ಚಿ ಜಗ್ಗಿಕೊಂಡು ಕೂತೆ.

ಅಳಿಯನ ಮುಖ ನೋಡುವಂತಿತ್ತು. ಅತ್ತೆ ಬೈದಿದ್ದರೆ ಅವನು ತಡೆದುಕೊಳ್ಳುತ್ತಿದ್ದ. ಅತ್ತೆ ಗ್ಲಾಸು ಕೇಳುತ್ತಾಳೆಂದು ಅವನ ಮನೆತನದಲ್ಲಿ ಯಾರೂ ಅವನಿಗೆ ಹೇಳಿಕೊಟ್ಟಿರಲಿಲ್ಲ. ಮಹಾದೇವಿ ಹಣೆ ಹಣೆ ಬಡಿದುಕೊಂಡಳು. ಕೊನೆಗೆ ಅಳಿಯ ಟವೆಲು ಸರಿಸಿ, ಒಂದು ಸಣ್ಣ ಗ್ಲಾಸಿಗೆ ದೇವರ ತೀರ್ಥದಷ್ಟು ಹಾಕಿ, ಎರಡೂ ಕೈಯಿಂದ ಕೊಟ್ಟ. ನೋಡಲು ತೆಳುವಾದ ಜೇನಿನ ಬಣ್ಣ. ನಾನು ಕುಡಿಯಲಿಲ್ಲ. ಸಾರಿನ ಪಾತ್ರೆಯ ಮುಂದೆ ಮಾಡುವಂತೆ ಕಣ್ಣು ಮುಚ್ಚಿ ಒಮ್ಮೆ ಒಳಗೆ ಎಳೆದುಕೊಂಡೆ. ಮೊದಲು ಕುಳ್ಳಿನ ಹೊಗೆ. ಅದರ ಹಿಂದೆ ಕರಕಾದ ಬೆಲ್ಲ. ಅದರ ಹಿಂದೆ ಇನ್ನೇನೋ ಇತ್ತು, ದವಾಖಾನೆಯ ಅರಿವೆಯಂಥದ್ದು, ಅದು ನನಗೆ ಸೇರಲಿಲ್ಲ. ಸೇರದಿದ್ದರೂ ಬಂತಲ್ಲ, ವಾಸನೆ! ಕೆಟ್ಟ ವಾಸನೆ ಸಹ ಅಷ್ಟು ಚೆಂದ ಇರುತ್ತದೆಂದು ನನಗೆ ಗೊತ್ತಿರಲಿಲ್ಲ. ನಾನು ಅಳುವವಳಲ್ಲ. ಹೊಗೆಗೆ ಕಣ್ಣು ಉರಿದವು.

ನಾನು ಬೈಯುವುದಿಲ್ಲವೆಂದು ಖಾತ್ರಿಯಾದ ಮೇಲೆ ಮೂವರಿಗೂ ಬಾಯಿ ಬಂತು. ಇದು ಜಪಾನಿನ ವಿಸ್ಕಿಯಂತೆ. ಗೋವೆಗೆ ಹೋದ ಯಾರೋ ತಂದುಕೊಟ್ಟದ್ದು. "ಜಪಾನಿಂದು ಅಂದ್ರ ನಮ್ಮಂಥವರು ಬಾಟ್ಲಿ ನೋಡಿ, ರೇಟ ಕೇಳಿ, ಕೈ ಮುಗದು ಬರಬೇಕ್ರಿ ಅತ್ತಿಯಾರ. ಅದರಾಗ ಪೈಪ ಮಾರಾವ್ರ ಕೈಗೆ ಎಟಕೂದು ಇದೊಂದ" ಎಂದು ಅಳಿಯ ತಾನೇ ಜಪಾನಿಗೆ ಹೋಗಿ ಚೌಕಾಶಿ ಮಾಡಿದಂತೆ ಹೇಳಿದ.

"ಅಗ್ಗದಾಗ ಚೊಲೊ ಹುಡುಕೂದು ನಿಮ್ಮ ಮನಿತನದಾಗ ಮೊದಲಿಂದನ ಐತಿ" ಎಂದೆ. "ಲಗ್ನದಾಗ ನಮಗ ಉಡಿಸಿದ ಸೀರಿ ನೋಡಿದಾಗನ ನನಗ ಗೊತ್ತಾಗಿತ್ತು." ಸಾಹುಕಾರರಿಗೆ ಶೇಂಗಾ ನೆತ್ತಿಗೆ ಹತ್ತಿತು.

ಹೊಗೆ ಎಲ್ಲಿಂದ ಬಂತೆಂದು ಕೇಳಿದೆ. ಮಾಸ್ತರರು ಕನ್ನಡಕ ಹಾಕಿಕೊಂಡು ಪಾಠಕ್ಕೆ ನಿಂತರು. ಜವೆಗೋಧಿಯನ್ನು ಮೊಳಕೆ ಬರಿಸಿ ಒಣಗಿಸುತ್ತಾರೆ. ಹೊಗೆಯ ಮಾಲು ಬೇಕಾದರೆ ಒಣಗಿಸುವಾಗ ಪೀಟ್ ಎಂಬ ಒಂದು ನಮೂನೆಯ ಮಣ್ಣು ಸುಡುತ್ತಾರೆ. "ಹುಲ್ಲು ಕಸ ನೂರಾರು ವರ್ಷ ನೀರ ನಿಂತ ಜವಳ ನೆಲದಾಗ ಕೊಳತು ಗಟ್ಟಿ ಆಗಿದ್ದಿರತೈತ್ರಿ. ಅದನ್ನ ಇಟ್ಟಂಗಿ ಗತೆ ಕಡದು ಒಣಗಸ್ತಾರ."

"ಅಂದ್ರ ತಿಪ್ಪಿ."

"ತಿಪ್ಪಿ ಅಲ್ಲರಿ ಅವ್ವಾರ, ಪೀಟ್."

"ಹುಲ್ಲು ಕಸ ಕೊಳತ್ರ ನಾವು ತಿಪ್ಪಿ ಅಂತೇವಿ. ಅವರು ಏನರ ಅನವಲ್ರ್ಯಾಕ." ಮೊಳಕೆ ಬರಿಸಿದ ಕಾಳನ್ನು ನಾನು ಮಹಾದೇವಿಗೂ ಅವಳ ತಮ್ಮನಿಗೂ ಸಣ್ಣವರಿದ್ದಾಗ ಬೀಸಿ, ಕುದಿಸಿ ಕುಡಿಸಿದ್ದೆ. ಅಂದರೆ ಈ ಮೂವರು ದೊಡ್ಡ ಗಂಡಸರು ತಗಡಿನ ಕೆಳಗೆ ಕದ್ದು ಕೂತು ಕುಡಿಯುತ್ತಿದ್ದದ್ದು ತಿಪ್ಪೆಯ ಹೊಗೆ ಹಾಕಿದ ಕೂಸಿನ ಗಂಜಿ. ಹಾಗೆಂದು ಹೇಳಿಯೂ ಹೇಳಿದೆ. ನಾಲ್ಕಾರು ಭಟ್ಟಿಯ ಮಾಲು ಕೂಡಿಸಿ ಇದನ್ನು ಮಾಡುತ್ತಾರೆಂದು ಅಳಿಯ ಹೇಳಿದಾಗ ಸಾಹುಕಾರರು ನಿಟ್ಟುಸಿರು ಬಿಟ್ಟರು. "ನಾ ಮೂರು ಹೊಲದ ಹತ್ತಿ ಕೂಡಿಸಿದ್ರ ಕಲಬೆರಕಿ ಅಂತ ಬೈತಾರ್ರಿ. ಅವರು ಕೂಡಿಸಿದ್ರ ಬಾಟ್ಲಿ ಮ್ಯಾಲ ದೊಡ್ಡ ಅಕ್ಷರದಾಗ ಬರಕೋತಾರ."

ಇಷ್ಟಾದ ಮೇಲೆ ರುಚಿ ನೋಡದಿದ್ದರೆ ಮೂಗಿಗೆ ಅರ್ಧ ಕೆಲಸ ಮಾಡಿಸಿದಂತಾಗುತ್ತದೆ ಎಂದು ನಾಲಿಗೆಯ ತುದಿಗೆ ಹಚ್ಚಿಕೊಂಡೆ. ಮೊದಲು ಒಣಮೆಣಸಿನಕಾಯಿಯ ಬೀಜ ಕಡಿದಂತೆ ಚುರ್ ಎಂದಿತು. ಆಮೇಲೆ ಉರಿ ಇಳಿದು ಹೊಗೆ ಮೇಲೆ ಬಂತು. ಹೊಗೆ ಸರಿದ ಮೇಲೆ ತಣ್ಣಗೆ ಒಂದು ಸಿಹಿ ಕೂತಿತು. ನನಗೆ ಅದು ಗುರುತಿನ ಸಿಹಿ. ಸವದತ್ತಿ ಕಡೆಯ ನನ್ನ ತವರುಮನೆಯಲ್ಲಿ ಕುಳ್ಳಿನ ಸಣ್ಣ ಉರಿಯ ಮೇಲೆ ಹಾಲಿನ ಗಡಿಗೆ ಇಡೀ ದಿನ ಕೂತಿರುತ್ತಿತ್ತು. ಸಂಜೆಗೆ ಕೆನೆ ಕೆಂಪಗಾಗಿ ಹೊಗೆ ಹಿಡಿದಿರುತ್ತಿತ್ತು. ಗಡಿಗೆಯ ತಳ ಕೆರೆದು ತಿನ್ನಲು ನಾವು ಅಕ್ಕತಂಗಿಯರು ಜುಟ್ಟು ಹಿಡಿದು ಬಡಿದಾಡುತ್ತಿದ್ದೆವು. ಆ ಗಡಿಗೆಯ ತಳ ಜಪಾನಿನವರಿಗೆ ಹೇಗೆ ಸಿಕ್ಕಿತೋ ದೇವರಿಗೆ ಗೊತ್ತು. ಅಳಿಯ ನಾಲ್ಕು ಹನಿ ನೀರು ಹಾಕಿಕೊಟ್ಟ. ಹೊಗೆ ಹಿಂದೆ ಸರಿದು ಸಿಹಿ ಇನ್ನಷ್ಟು ಮುಂದೆ ಬಂತು. ಮಾಸ್ತರರು ಫೋನಿನಲ್ಲಿ ಯಾರೋ ಬರೆದದ್ದನ್ನು ಓದಿ, "ಕಡೀಕ ಸಣ್ಣಗ ಸಮುದ್ರದ ಉಪ್ಪು ಬರತೈತಿ ಅಂತ್ರಿ" ಎಂದರು. ಉಪ್ಪಿನ ಮಾತು ಬಂದ ಮೇಲೆ ನಾನು ಸುಮ್ಮನಿರುತ್ತೇನೆಯೇ? ಮತ್ತೆ ಮೂಸಿದೆ. "ಉಪ್ಪಿಲ್ಲ. ಬರದಾಂವಗ ನೆಗಡಿ ಆಗಿರಬೇಕು" ಎಂದೆ. ಮೂವರೂ ಮತ್ತೊಮ್ಮೆ ಮೂಸಿ, ಹೌದು, ಉಪ್ಪಿಲ್ಲ ಎಂದು ಒಪ್ಪಿಕೊಂಡರು. ಬಹಳ ದಿನಗಳ ಮೇಲೆ ನಾನು ಹೇಳಿದ್ದಕ್ಕೆ ಮಂದಿ ತಲೆಯಾಡಿಸಿದ್ದರು. ಕೊನೆಗೆ, "ಇದು ಕುಡಿಯೂ ಪದಾರ್ಥ ಅಲ್ಲ, ಮೂಸೂ ಪದಾರ್ಥ" ಎಂದು ತೀರ್ಪು ಕೊಟ್ಟೆ. ತೀರ್ಪು ಸರಿಯಿದೆಯೋ ಇಲ್ಲವೋ ನೋಡಲು ಇನ್ನೊಂದು ಸಲ ನಾಲಿಗೆಗೆ ಹಚ್ಚಿಕೊಂಡೆ. ಸರಿಯಿತ್ತು.

ಊರಿಗೆ ಹೊರಟಾಗ ಬಾಟಲಿಯಲ್ಲಿ ಉಳಿದದ್ದನ್ನು ನನ್ನ ಚೀಲಕ್ಕೆ ಹಾಕಲು ಹೇಳಿದೆ. ಅಳಿಯ ಮಗಳನ್ನು ಗಂಡನ ಮನೆಗೆ ಕಳಿಸುವ ತಂದೆಯಂತೆ ಅದನ್ನು ಅರಿವೆಯಲ್ಲಿ ಸುತ್ತಿಕೊಟ್ಟ. ಬೈಲಹೊಂಗಲದಲ್ಲಿ ಅದನ್ನು ಇಡುವುದೇ ದೊಡ್ಡ ಪ್ರಶ್ನೆಯಾಯಿತು. "ಅತ್ತಿ, ದೇವರ ಖೋಲಿ ಬಾಜೂಕ ಬ್ಯಾಡ್ರಿ" ಎಂದಳು ಸುವರ್ಣಾ. ಅಡಿಗೆಮನೆಯಲ್ಲಿ ಬೇಡ, ಅಲ್ಲಿ ಅನ್ನಪೂರ್ಣೆ ಇದ್ದಾಳೆ. ಪಡಸಾಲೆಯಲ್ಲಿ ಬೇಡ, ಅಲ್ಲಿ ಯಜಮಾನರ ಫೋಟೊ ಇದೆ, ಅವರನ್ನು ಕೊಟ್ಟಿಗೆಗೆ ಕಳಿಸಿದವಳು ನಾನು, ಈಗ ಅವರ ಕಣ್ಣೆದುರು ಬಾಟಲಿ ಇಟ್ಟರೆ ಏನೆಂದಾರು? ಕೊನೆಗೆ ಹಳೆಯ ಗುಲ್ಕಂದದ ಭರಣಿ ತೊಳೆದು ಅದಕ್ಕೆ ಸುರಿದು, ಎಮ್ಮೆಯ ಔಷಧ ಇಡುವ ಗೂಡಿನಲ್ಲಿ ಇಟ್ಟೆವು. ಒಂದು ದಿನ ನಿಂಗವ್ವ ಬಂದು ಭರಣಿಯ ಮುಚ್ಚಳ ತೆಗೆದು, "ಚೊಲೊ ಘಾಟ ಐತಿ, ಯಾವ ಎಣ್ಣಿ ಯಕ್ಕಾ?" ಎಂದು ನಾನು ಬಾಯಿ ತೆರೆಯುವುದರೊಳಗೆ ಮೊಣಕಾಲಿಗೆ ತಿಕ್ಕಿಕೊಂಡಳು. ಅವಳೂ ಸೆರೆ ಅಂಗಡಿಯ ಮುಂದೆ ನನ್ನ ಪಕ್ಕದಲ್ಲೇ ಚಾಪೆ ಹಾಸಿದವಳು. ಹಾಗಾಗಿ ನಾನು ಬಾಯಿ ಮುಚ್ಚಿದೆ. ಮೊಣಕಾಲು ನೋವು ಕಡಿಮೆಯಾಯಿತೆಂದು ಇವತ್ತಿಗೂ ಹೇಳುತ್ತಾಳೆ.

ಡಾಕ್ಟರ ಹುಡುಗಿಗೆ ಮಾತ್ರ ಖರೆ ಹೇಳಿದೆ. ಅವಳು ನಕ್ಕು ನಕ್ಕು, "ಮೂಸ್ರಿ ಅಜ್ಜಿ, ಮೂಸಾಕ ಅಡ್ಡಿಯಿಲ್ಲ. ಕುಡಿಬ್ಯಾಡ್ರಿ" ಎಂದಳು. ನನ್ನ ತೀರ್ಪೂ ಅದೇ ಆಗಿತ್ತು ಎಂದು ಅವಳಿಗೆ ತಿಳಿಸಿದೆ. ಮುಂಜಾನೆ ಸಂಜೆ ಗೂಡಿನ ಮುಂದೆ ನಿಂತು ಮೂಸಿದೆ. ಹೊಗೆಯ ಹಿಂದೆ ಬೇರೆಯವೂ ಒಂದೊಂದಾಗಿ ಬಂದವು. ಮೊದಲು ಲವಂಗ, ಆಮೇಲೆ ಇಂಗು, ಆಮೇಲೆ ಎಮ್ಮೆ, ಸುವರ್ಣಾಳ ತಲೆಯ ಎಣ್ಣೆ. ಎಲ್ಲಕ್ಕೂ ಕಡೆಗೆ ಮಗನ ಬೂಟಿನದು ಬಂತು, ಅದು ಬಾರದಿದ್ದರೂ ನಡೆಯುತ್ತಿತ್ತು. ನಿಂಗವ್ವನ ಮನೆಯಲ್ಲಿ ಹಾಲು ಒಡೆದ ದಿನ ನಾನು ಕಟ್ಟೆಯಿಂದಲೇ ಕೂಗಿ ಹೇಳಿದೆ. ಅವಳಿಗಿಂತ ನನಗೆ ಖುಷಿಯಾಯಿತು.

ಹೋಳಿ ಹುಣ್ಣಿಮೆಗೆ ಕಿತ್ತೂರಿನವರನ್ನೂ ಊಟಕ್ಕೆ ಕರೆದೆ. ಸಾರು ಕುದಿಯುವ ಹೊತ್ತಿಗೆ, "ಸುವರ್ಣಾ, ಭರಣಿ ತಗೊಂಡ ಬಾ" ಎಂದೆ. ಅವಳು ಒಂದು ಗಳಿಗೆ ನನ್ನ ಮುಖ ನೋಡಿ, ಉಪ್ಪಿನ ಭರಣಿ ಹಿಡಿದು ಪಕ್ಕದಲ್ಲಿ ನಿಂತಳು. ಮಹಾದೇವಿ ಬಾಗಿಲಲ್ಲಿ ನಿಂತಳು, ಅಳಿಯ ಅವಳ ಹಿಂದಿನಿಂದ ಕತ್ತು ಉದ್ದ ಮಾಡಿದ, ಮಗನೂ ಬಂದು ನಿಂತ. ಸೆರಗಿನಿಂದ ಮುಚ್ಚಳ ಎತ್ತಿದೆ. ಕಣ್ಣು ಮುಚ್ಚಿದೆ. ಉಗಿ ಒಳಗೆ ಬಂತು. ಬೇಳೆ ಬಂತು, ಹುಣಸೆಹಣ್ಣು, ಬೆಲ್ಲ, ಕರಿಬೇವು, ಕೊಬ್ಬರಿ, ಎಲ್ಲ ತಮ್ಮ ತಮ್ಮ ಜಾಗದಲ್ಲಿ ಕೂತಿದ್ದವು. ಎಷ್ಟು ದಿನಗಳಾಗಿದ್ದವು! "ಇನ್ನೊಂದು ಚಿಟಿಕಿ" ಎಂದೆ. ದನಿ ನನಗೇ ತಿಳಿಯದಂತೆ ದೊಡ್ಡದಾಗಿತ್ತು. ಸುವರ್ಣಾ ಭರಣಿಗೆ ಕೈ ಹಾಕಿದಳು, ಸ್ವಲ್ಪ ತಡೆದಳು, ಆಮೇಲೆ ಹಾಕಿದಳು. ನೈವೇದ್ಯ ಆಯಿತು, ಗಂಡಸರ ಪಂಕ್ತಿ ಕೂತಿತು.

ಸಾರಿನ ಮೊದಲ ತುತ್ತು ಆಯಿತು. ಮಗ ಹೋಳಿಗೆಯ ಮೇಲೆ ತುಪ್ಪ ಹೆಚ್ಚು ಹಾಕಿಸಿಕೊಂಡ. ಅಳಿಯ ನೀರು ಕುಡಿದ, ಮತ್ತೆ ಕುಡಿದ. "ಹೆಂಗ ಆಗೇತ್ರಿ ಅಳ್ಯಾರ?" ಎಂದೆ. "ಬೆಸ್ಟ್ ಆಗೇತ್ರಿ ಅತ್ತಿಯಾರ. ಕಡೀಕ ಸಮುದ್ರದ್ದು ಬರತೈತಿ ನೋಡ್ರಿ, ಆ ಗತೆ" ಎಂದ. ಮಹಾದೇವಿ ಅವನನ್ನು ಕಣ್ಣಲ್ಲೇ ಸುಟ್ಟಳು.

ಗಂಡಸರು ಎದ್ದ ಮೇಲೆ ಅಡಿಗೆಮನೆಯಲ್ಲಿ ಬಟ್ಟಲಿಗೆ ಸಾರು ಹಾಕಿಕೊಂಡು ಕುಡಿದೆ. ಉಪ್ಪು. ಅನುಮಾನವೇ ಇಲ್ಲ. ಸುವರ್ಣಾ ಒಲೆ ಒರೆಸುತ್ತ, ನನ್ನ ಕಡೆ ನೋಡದೆ, "ಅತ್ತಿ, ಒಂದು ಮಾತ ಹೇಳತೇನಿ, ಬೈಬಾರದು" ಎಂದಳು.

"ಬೈಯೂದು ಬಿಡೂದು ಆಮ್ಯಾಲ. ಹೇಳು."

"ಇಷ್ಟ ವರ್ಷ ನೀವು 'ಇನ್ನೊಂದು ಚಿಟಿಕಿ' ಅಂದಾಗ ನಾ ಭರಣ್ಯಾಗ ಕೈ ಹಾಕಿ ಬರೇ ಕೈ ತಗೀತಿದ್ನಿರಿ. ಉಪ್ಪ ನಾ ಮೊದಲನ ಅಳತೀಲೆ ಸರಿ ಹಾಕಿರತಿದ್ನಿ."

ನಾನು ಬಟ್ಟಲು ಕೆಳಗಿಟ್ಟೆ. "ಮತ್ತ ಇವತ್ತ?"

"ಇವತ್ತ ನಿಮ್ಮ ಮೂಗ ತಿರುಗಿ ಬಂತಲ್ಲರಿ. ಅಷ್ಟ ಖುಷೀಲೆ ಅಂದ್ರಿ. ಬರೇ ಕೈ ತಗ್ಯಾಕ ನನಗ ಮನಸಾಗಲಿಲ್ಲ. ಖರೇನ ಹಾಕಿದ್ನಿ."

ಅವಳು ಒಲೆ ಒರೆಸುವುದನ್ನು ನಿಲ್ಲಿಸಿರಲಿಲ್ಲ. ಒರೆಸಿದ ಜಾಗವನ್ನೇ ಮತ್ತೆ ಮತ್ತೆ ಒರೆಸುತ್ತಿದ್ದಳು. ಈ ಹುಡುಗಿ ಇಷ್ಟು ವರ್ಷ ಬರಿಗೈ ಎತ್ತಿ ನನ್ನ ಮರ್ಯಾದೆ ಕಾಯ್ದಿದ್ದಳು. ಅಷ್ಟು ಚೆಂದ ಕೈ ಎತ್ತುವುದನ್ನು ನಾನಂತೂ ಅವಳಿಗೆ ಕಲಿಸಿರಲಿಲ್ಲ. ನಮ್ಮ ಅತ್ತೆಯ ಪಕ್ಕದಲ್ಲಿ ಭರಣಿ ಹಿಡಿದು ನಿಂತಿದ್ದಾಗ ನಾನು ಮಾತ್ರ ಅವರು ಹೇಳಿದಷ್ಟೂ ಹಾಕುತ್ತಿದ್ದೆ, ಸಾರು ಉಪ್ಪಾದರೆ ಅವರು ನನ್ನ ಕೈಯನ್ನು ಬೈಯುತ್ತಿದ್ದರು. ಇಂಥ ಸೊಸೆ ಓಣಿಯಲ್ಲಿ ಇನ್ನೊಬ್ಬರಿಗೆ ಇದ್ದರೆ ತೋರಿಸಲಿ. ಇನ್ನು ಮುಂದೆ ಲಗ್ನದ ಮನೆಗಳಲ್ಲಿ ಈ ಮಾತೇ ತೆಗೆಯಬಹುದು, ಆದರೆ ಪೂರ್ತಿ ಹೇಳುವಂತಿಲ್ಲ, ಅದೊಂದು ತ್ರಾಸು.

"ಸುಮ್ನ ಏನರ ಮಾತಾಡಬ್ಯಾಡ" ಎಂದೆ. "ಉಪ್ಪ ಸರಿ ಐತಿ. ನಿಮ್ಮೆಲ್ಲಾರ ನಾಲಿಗಿ ಕೆಟ್ಟೈತಿ. ಇನ್ನೊಂದು ಸೌಟ ಹಾಕು."

ಅವಳು ತಿರುಗಿ ನೋಡಿದಳು, ತುಟಿ ಕಚ್ಚಿಕೊಂಡು ಬಟ್ಟಲ ತುಂಬ ಹಾಕಿದಳು. ಅವಳು ನೋಡುತ್ತಿರುವಂತೆಯೇ ತಳ ಕಾಣುವವರೆಗೆ ಕುಡಿದೆ. ಆಮೇಲೆ ಅವಳು ಪಾತ್ರೆ ತೊಳೆಯಲು ಹಿತ್ತಲಿಗೆ ಹೋಗುವುದನ್ನೇ ಕಾದು ನೀರಿನ ತಂಬಿಗೆಗೆ ಬಾಯಿ ಹಚ್ಚಿದವಳು, ಅದು ಬರಿದಾದ ಮೇಲೆಯೇ ಕೆಳಗಿಟ್ಟೆ.